ಕೋಟು ಹಾಕಿದ ಅಪ್ಪ

ಮಕ್ಕಳಿಗೆ ಬರೆಯಲು ಕಲಿಸುವುದೆಂದರೆ ಕೈ ಹಿಡಿದು ಅಕ್ಷರ ತಿದ್ದಿಸುವುದು ಎಂದುಕೊಂಡವರು ಒಂದು ವಾರ ಬಂದು ನನ್ನ ನಾಲ್ಕನೇ ತರಗತಿಯಲ್ಲಿ ಕೂರಲಿ. ಅಕ್ಷರ ಎಲ್ಲರಿಗೂ ಬರುತ್ತದೆ, ದುಂಡಗೂ ಬರೆಯುತ್ತಾರೆ. ಆದರೆ 'ನಿಮ್ಮ ಮನೆಯವರೊಬ್ಬರ ಬಗ್ಗೆ ಬರೆಯಿರಿ' ಅಂದರೆ ಸಾಕು, ಇಡೀ ತರಗತಿ ಒಂದೇ ಹಾಳೆಯನ್ನು ಬರೆದು ತಂದು ಮೇಜಿನ ಮೇಲೆ ಇಡುತ್ತದೆ. 'ನಮ್ಮ ತಂದೆ ಒಳ್ಳೆಯವರು. ಅವರು ನನ್ನನ್ನು ಪ್ರೀತಿಸುತ್ತಾರೆ. ನನಗೆ ನಮ್ಮ ತಂದೆ ಇಷ್ಟ.' ನಮ್ಮ ಶಾಲೆಯಿರುವ ಮೆಟ್ರಿ ಊರಿನ ಸುತ್ತಮುತ್ತ ಇರುವವನು ಒಬ್ಬನೇ ತಂದೆಯೇನೋ ಅನ್ನುವ ಹಾಗೆ! ಓದಿ ಓದಿ ನನಗೆ ತಲೆ ಕೆಟ್ಟುಹೋಗಿತ್ತು.

ನಾನು ಚೆನ್ನಬಸಮ್ಮ. ದಿನಾ ಕಂಪ್ಲಿಯಿಂದ ಬಸ್ಸು ಹತ್ತಿ ಈ ಶಾಲೆಗೆ ಬರುವವಳು. ಸಿಟ್ಟಿನ ಟೀಚರ್ ಎಂದು ಹೆಸರು ಬಿದ್ದಿದೆ, ಸುಳ್ಳೇನಲ್ಲ. ಆ ದಿನ ಸಿಟ್ಟಿನಲ್ಲೇ ಶಾಲೆಯ ಟ್ರಂಕಿನ ಬೀಗ ತೆಗೆದು, ಮಕ್ಕಳ ಕತೆಪುಸ್ತಕಗಳ ಧೂಳು ಕೊಡವಿ, ಒಂದನ್ನು ಎತ್ತಿಕೊಂಡು ಬಂದೆ. ಅದರಲ್ಲೊಬ್ಬ ಅಜ್ಜ ಇದ್ದ. ದೊಗಳೆ ಕೋಟು, ಕೋಟಿನ ಜೇಬಿನಲ್ಲಿ ಹುರಿದ ಶೇಂಗಾ. ಸೈಕಲ್ಲಿನ ಜೊತೆ ಮಾತಾಡುತ್ತಿದ್ದ, ಮಳೆ ಬಂದರೆ ತಾನು ನೆನೆದು ಸೈಕಲ್ಲಿಗೆ ಕೊಡೆ ಹಿಡಿಯುತ್ತಿದ್ದ. ಪುಟಕ್ಕೊಂದು ಚಿತ್ರ, ಚಿತ್ರದ ಕೆಳಗೆ ಎರಡು ಸಾಲು, ಅಷ್ಟೇ ಪುಸ್ತಕ.

ಓದಿ ಮುಗಿಸಿ ಕೇಳಿದೆ: "ಈ ಅಜ್ಜ ಒಳ್ಳೇವನೋ, ಕೆಟ್ಟವನೋ?"

"ಒಳ್ಳೇವ್ನ್ರೀ!" ಎಂದು ಚೀರಿದವು.

"ಪುಸ್ತಕದಾಗ ಎಲ್ಲಿ ಬರದೈತಿ ಹಂಗಂತ? ಹುಡುಕ್ರಿ ನೋಡೋಣು."

ಪುಟ ತಿರುವಿದರು, ಮತ್ತೆ ತಿರುವಿದರು. ಎಲ್ಲೂ ಇರಲಿಲ್ಲ. ಅಕ್ಕಿ ಗಿರಣಿಯವರ ಮನೆಯ ಬಸವಕುಮಾರ್ ಎದ್ದು ನಿಂತು, "ಸೈಕಲ್ಲಿಗೆ ಕೊಡಿ ಹಿಡೀತಾನಲ್ರಿ, ಅದಕ್ಕ ನಮಗ ಗೊತ್ತಾತು" ಅಂದ. ಅವನನ್ನು ಎತ್ತಿಕೊಳ್ಳಬೇಕು ಅನ್ನಿಸಿತು.

"ಹಾಂ! ನೀವೂ ಹಂಗ ಬರೀರಿ. ಅವರ ಜೇಬಿನಾಗ ಏನಿರ್ತೈತಿ, ಕೈ ಸುಮ್ನ ಇದ್ದಾಗ ಏನು ಮಾಡ್ತಾವ, ಸಿಟ್ಟು ಬಂದ್ರ ಏನಂತಾರ, ಅದನ್ನ ಬರೀರಿ. 'ಒಳ್ಳೆಯವರು' ಅಂತ ಬರದ್ರ ಹಾಳಿ ಹರದು ಒಗೀತೀನಿ ನೋಡ್ರಿ."

ಮರುದಿನ ಬಂದ ಹಾಳೆಗಳನ್ನು ಓದುತ್ತ ನಾನೊಬ್ಬಳೇ ನಕ್ಕೆ. ಸೌಜನ್ಯಳ ಅಜ್ಜಿ ಮುದುಕಮ್ಮ ಟಿ.ವಿ. ಧಾರಾವಾಹಿಯ ಸೊಸೆಯನ್ನು ಹೆಸರು ಹಿಡಿದು ಬೈಯುತ್ತಾಳಂತೆ, ಬೈದು ಬೈದು ಕಡೆಗೆ ಅವಳೇ ಅಳುತ್ತಾಳಂತೆ. ಬಸವಕುಮಾರನ ಅಪ್ಪ ಊಟಕ್ಕೆ ಕೂತಾಗ ಅನ್ನವನ್ನು ಬೆರಳಲ್ಲಿ ಒತ್ತಿ ನೋಡಿ ಯಾವ ಗದ್ದೆಯ ಭತ್ತ ಅನ್ನುವುದನ್ನು ಹೇಳುತ್ತಾನಂತೆ, ಅವ್ವ ಮಾತ್ರ ಸುಮ್ಮನೆ ಉಣ್ಣಿರಿ ಅನ್ನುತ್ತಾಳಂತೆ. ಬದುಕಿದೆ ಅಂದುಕೊಂಡೆ. ಈ ಹಾಳೆಗಳನ್ನೇ ಮಡಚಿ, ಬೆನ್ನಿಗೆ ದಾರ ಹಾಕಿ ಹೊಲಿದು, ಒಬ್ಬೊಬ್ಬರದೂ ಒಂದೊಂದು ಪುಸ್ತಕ ಮಾಡುವುದೆಂದು ಮಕ್ಕಳಿಗೆ ಮಾತು ಕೊಟ್ಟಿದ್ದೆ.

ಆಮೇಲೆ ದುರ್ಗಾಳ ಹಾಳೆ ಕೈಗೆ ಬಂತು.

'ನಮ್ಮಪ್ಪ ಕೋಟು ಹಾಕುತ್ತಿದ್ದನು. ಕೋಟಿನ ಜೇಬಿನಲ್ಲಿ ಶೇಂಗಾ ಇರುತ್ತಿದ್ದವು. ಸೈಕಲ್ಲಿನ ಜೊತೆ ಮಾತಾಡುತ್ತಿದ್ದನು.'

ನನಗೆ ಉರಿದುಹೋಯಿತು. ಕರೆದು ನಿಲ್ಲಿಸಿದೆ. "ಏನವ್ವಾ ಇದು? ನಮ್ಮ ಬಿಸಿಲಿಗೆ ಕೋಟು ಹಾಕ್ಕೊಂಡ್ರ ಮನುಷ್ಯ ಬೆಂದು ಹೋಗ್ತಾನ. ನಿಮ್ಮಪ್ಪ ಓಬಳಪ್ಪನ್ನ ದಿನಾ ಟ್ರಾಕ್ಟರ್ ಮ್ಯಾಲ ನೋಡ್ತೀನಿ, ಬನೀನು ಬಿಟ್ಟು ಏನೂ ಹಾಕಂಗಿಲ್ಲ. ಪುಸ್ತಕದ ಅಜ್ಜನ್ನ ಯಾಕ ಕದ್ದಿ?" ಬೈದದ್ದಕ್ಕೆ ನನಗೆ ಬೇಸರವಿಲ್ಲ. ಕದ್ದು ಬರೆದವರನ್ನು ನಾಳೆಯೂ ಬೈಯುವವಳೇ.

ಹುಡುಗಿ ಅಳಲಿಲ್ಲ. "ಅವ್ರು ಕಾಕಾ ರೀ. ನಮ್ಮಪ್ಪ ಹಂಪೇಶ್. ತೀರ್ಕೊಂಡಾನ" ಅಂದಳು.

ದಿನಾ ಹಾಜರಿಯಲ್ಲಿ 'ದುರ್ಗಾ ಹೆಚ್.' ಎಂದು ಕೂಗುವವಳು ನಾನೇ. ಆ ಹೆಚ್ ಯಾರು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಹೋಗಲಿ ಬಿಡು, ಕಾಕಾನ ಬಗ್ಗೆಯೇ ಬರಿ ಅಂದೆ.

"ಕಾಕಾಂದು ಆಮ್ಯಾಲ ಬರೀತೀನ್ರಿ. ಮೊದ್ಲು ಅಪ್ಪಂದು. ಅವ್ನು ಹೋದಾಗ ನಾನು ಅಂಗನವಾಡಿಗೆ ಹೋಗ್ತಿದ್ದೆ, ಏನೂ ಗೊತ್ತಿಲ್ಲ. ಮನ್ಯಾಗ ಯಾರೂ ಅವನ ಸುದ್ದಿ ಮಾತಾಡಂಗಿಲ್ಲ. ಅದಕ್ಕ ಪುಸ್ತಕದಾಗಿಂದು ತಗಂಡೆ." ದನಿ ತಗ್ಗಿಸಿ ಹೇಳಿದಳು: "ಮೊದ್ಲು ಮುಖ ಒಂಚೂರು ನೆನಪಿತ್ರಿ. ಈಗ ಕಣ್ಣು ಮುಚ್ಚಿದ್ರ ಆ ಅಜ್ಜನ ಮುಖಾನ ಬರ್ತೈತಿ."

ಈ ಕೂಸಿನ ಬಳಿ ಅವಳಪ್ಪನದೆಂದು ಉಳಿದಿದ್ದದ್ದೇ ಒಂದು ಚೂರು. ನಾನು ಓದಿದ ಕತೆ ಅದನ್ನೂ ಅಳಿಸಿ, ಆ ಜಾಗದಲ್ಲಿ ಕೋಟಿನ ಅಜ್ಜನನ್ನು ಕೂರಿಸಿಬಿಟ್ಟಿತ್ತು. ಹೀಗೇ ಬಿಟ್ಟರೆ ವರ್ಷ ಕಳೆಯುವುದರೊಳಗೆ ಈ ಹುಡುಗಿಗೆ ತನ್ನಪ್ಪ ಕೋಟು ಹಾಕುತ್ತಿದ್ದ ಎನ್ನುವುದೇ ನಿಜವಾಗುತ್ತದೆ. ನನಗೆ ಭಯವಾಯಿತು.

ಸಂಜೆ ಬಸ್ಸು ಬಿಟ್ಟು ಅವರ ಮನೆಗೆ ಹೋದೆ. ತಾಯಿ ಕರೆಮ್ಮ ನಾಟಿ ಕೆಲಸದಿಂದ ಆಗತಾನೇ ಬಂದು, ಬಾಗಿಲಲ್ಲಿ ಕಾಲಿನ ಕೆಸರು ತೊಳೆಯುತ್ತಿದ್ದಳು. ಗಡಬಡಿಸಿ ಚಾಪೆ ಹಾಸಿದಳು. ಹಂಪೇಶನ ಹೆಸರು ನನ್ನ ಬಾಯಿಂದ ಬಂತೋ ಇಲ್ಲವೋ, ಅವಳ ಮುಖ ಬಿಳಿಚಿಕೊಂಡಿತು.

"ಮೆಲ್ಲಕ ಮಾತಾಡ್ರಿ ಟೀಚರಮ್ಮಾ. ನಂದು ಇದು ಉಡಿಕಿ ಆದ ಮನಿ."

ಗಂಡ ಸತ್ತವಳು ಮತ್ತೊಬ್ಬನ ಕೈ ಹಿಡಿಯುವುದಕ್ಕೆ ಅವರಲ್ಲಿ ಉಡಿಕಿ ಅನ್ನುತ್ತಾರೆ. ಹಾಗೆ ಬಂದವಳು ಮೊದಲಿನ ಗಂಡನ ಮಾತನ್ನು ಹೊಸ ಮನೆಯ ಹೊಸ್ತಿಲೊಳಗೆ ತರುವುದಿಲ್ಲ. ತರಬೇಡ ಎಂದು ಯಾರೂ ಹೇಳಿರುವುದಿಲ್ಲ. ಆದರೂ ತರುವುದಿಲ್ಲ.

"ಈ ಮನಿಯವ್ರು ನನ್ನ ಮಗಳ್ನ ಒಂದು ದಿನಾನೂ ಬ್ಯಾರೆ ಮಾಡಿಲ್ರಿ. ಅಂಥವ್ರ ಮುಂದ ಸತ್ತವ್ರ ಸುದ್ದಿ ತೆಗದು ಅವ್ರ ಮನಸು ನೋಯಿಸ್ಲ್ಯಾ? ಬ್ಯಾಡ್ರಿ. ಹುಡುಗಿ ಮರ್ತು ಸುಖವಾಗಿರ್ಲಿ."

ಒಂದು ಫೋಟೋ ಆದರೂ ಇದೆಯೇ ಅಂದೆ. ಗಾದಿಗನೂರಿನಲ್ಲಿ ಮೊದಲಿನ ಅತ್ತೆಯ ಮನೆಯ ಗೋಡೆಯ ಮೇಲೆ ಒಂದಿದೆಯಂತೆ. ಅಲ್ಲಿಗೆ ಹೋಗಿಬರುವ ಬಳಕೆ ಇಲ್ಲ. ಉಳಿದವು ಅವನ ಮೊಬೈಲಿನಲ್ಲಿದ್ದವು. ಅದು ಬೈಕಿನ ಜೊತೆಗೆ, ಅವನ ಜೊತೆಗೆ, ಹೆದ್ದಾರಿಯಲ್ಲಿ ಲಾರಿಯ ಅಡಿಗೆ ಸಿಕ್ಕಿತ್ತು. ಮುಂದೆ ಏನು ಕೇಳಲಿ? ಅವಳ ಮೇಲೆ ಕೋಪ ಬಂತು, ಆ ಕೋಪಕ್ಕೆ ನಾಚಿಕೆಯೂ ಬಂತು, ಕೊಟ್ಟ ಚಹಾ ಕುಡಿದು ಎದ್ದು ಬಂದೆ.

ಮರುದಿನ ಬಿಸಿಯೂಟದ ಗಂಟೆ ಹೊಡೆದು ಮಕ್ಕಳೆಲ್ಲ ತಟ್ಟೆ ಹಿಡಿದು ಓಡಿದ ಮೇಲೆ, ಶಾಲೆಯ ಮುಂದೆ ಟ್ರಾಕ್ಟರ್ ನಿಂತ ಸದ್ದಾಯಿತು. ಓಬಳಪ್ಪ ಇಳಿದ. ಅಯ್ಯೋ ಶಿವನೇ, ಜಗಳಕ್ಕೇ ಬಂದ ಎಂದುಕೊಂಡು ಸೆರಗು ಬಿಗಿದು ನಿಂತೆ. ಜಗಳವಾಡುವುದಾದರೆ ನಾನೇನು ಕಡಿಮೆಯಿಲ್ಲ.

ಅವನು ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತ. ಒಳಗೆ ಬಂದು ಕುಂದ್ರಿ ಅಂದೆ. ಮಕ್ಕಳ ಗಿಡ್ಡ ಬೆಂಚಿನ ಮೇಲೆ ಮಂಡಿ ಎದೆಗೆ ತಾಗುವ ಹಾಗೆ ಕೂತ.

"ನಿನ್ನಿ ನೀವು ಬಂದಾಗ ನಾನು ಗ್ವಾಡಿ ಆಚಿಗೆ ಎತ್ತಿಗೆ ಮೇವು ಹಾಕ್ತಿದ್ದೆ ರೀ. ಎಲ್ಲಾ ಕೇಳಿಸ್ತು. ಟೀಚರ್, ಹಂಪೇಶನ ಸುದ್ದಿ ನನ್ನ ಕೇಳ್ರಿ. ನನ್ನಷ್ಟು ಅವನ್ನ ಬಲ್ಲವ್ರು ಯಾರದಾರ?"

ಓಬಳಪ್ಪ ಮೊದಲು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಕೆಲಸಕ್ಕಿದ್ದನಂತೆ. ಹಂಪೇಶ್ ಬೈಕು ಕೊಳ್ಳುವ ತನಕ ಇಬ್ಬರೂ ಒಂದೇ ಶಿಫ್ಟು, ಒಂದೇ ಬಸ್ಸು, ಒಂದೇ ಸೀಟು.

"ಮತ್ತ ಮನ್ಯಾಗ ಇಷ್ಟು ವರ್ಷ ಬಾಯಿ ಯಾಕ ಬಿಡ್ಲಿಲ್ಲ ಮಾರಾಯಾ?" ಎಂದು ಜೋರು ಮಾಡಿದೆ.

"ಹೆಂಗ ಬಿಡ್ಲಿ ರೀ? ಅಕಿ ಒಂದು ಸಲಾನೂ ಅವನ ಸುದ್ದಿ ತೆಗೀಲಿಲ್ಲ. ಕೇಳಿದ್ರ ಸಂಕಟ ಆಗ್ತೈತೇನೋ ಅಂತ ನಾನೂ ತೆಗೀಲಿಲ್ಲ. ಕೆಲವು ಸಲ ಊಟಕ್ಕ ಕುಂತಾಗ ಬಾಯಿ ತನಕ ಬರ್ತೈತಿ, ನುಂಗಿಬಿಡ್ತೀನಿ. ಅವನ ಜಾಗಾದಾಗ ಕುಂತು ಅವನ ಮಾತು ಆಡಾಕ ನನಗೂ ಒಂಥರಾ ಆಗ್ತೈತಿ."

ಒಂದೇ ಸೂರಿನ ಕೆಳಗೆ ಅವಳು ಇವನ ಮನಸ್ಸು ನೋಯಬಾರದೆಂದು ಸುಮ್ಮನಿದ್ದಾಳೆ, ಇವನು ಅವಳ ಮನಸ್ಸು ನೋಯಬಾರದೆಂದು ಸುಮ್ಮನಿದ್ದಾನೆ. ಇಬ್ಬರ ಒಳ್ಳೆಯತನದ ನಡುವೆ ಸಿಕ್ಕಿ ಕೂಸಿನ ಅಪ್ಪ ಕಳೆದುಹೋಗಿದ್ದಾನೆ. ಇಂಥ ಒಳ್ಳೆಯತನಕ್ಕೆ ಬೆಂಕಿ ಬೀಳಲಿ ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. ಓಬಳಪ್ಪ ತಲೆ ತಗ್ಗಿಸಿದ.

"ನನಗ ಹೇಳಬ್ಯಾಡ್ರಿ. ಶಾಲಿ ಬಿಡೋ ಹೊತ್ತಿಗೆ ಕರೆಮ್ಮನ್ನ ಕರ್ಕೊಂಡು ಬರ್ರಿ. ದುರ್ಗಾಗ ಹೇಳ್ರಿ, ಅಕಿ ಬರ್ಕೊಂತಾಳ."

ಬರುತ್ತಾರೆಂಬ ನಂಬಿಕೆ ನನಗಿರಲಿಲ್ಲ. ಬಂದರು. ಕರೆಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿ ಕೂತಳು. ಗಂಡನ ಕಡೆ ನೋಡಲಿಲ್ಲ. ಓಬಳಪ್ಪ ಅದೇ ಗಿಡ್ಡ ಬೆಂಚಿನ ಮೇಲೆ. ಹೊಸ ಹಾಳೆ, ಪೆನ್ಸಿಲ್ಲು ಹಿಡಿದು ದುರ್ಗಾ ನಡುವೆ. ಎಲ್ಲಿಂದ ಶುರು ಮಾಡಬೇಕೆಂದು ಅವರಿಗೆ ತಿಳಿಯದು. ನನಗೆ ಮಾತ್ರ ತಿಳಿದಿತ್ತು. ತರಗತಿಯಲ್ಲಿ ಕೇಳುವುದನ್ನೇ ಕೇಳಿದೆ: "ಜೇಬಿನಾಗ ಏನಿರ್ತಿತ್ತು?"

"ಜೇಬಿನಾಗ..." ಓಬಳಪ್ಪ ನೆನಪು ಮಾಡಿಕೊಂಡ. "ಕರ್ಚೀಪು. ನೈಟ್ ಶಿಫ್ಟಿನಾಗ ನಮಗ ಬಾಳೆಹಣ್ಣು ಕೊಡ್ತಿದ್ರು. ನಾವೆಲ್ಲಾ ಅಲ್ಲೇ ತಿಂತಿದ್ವಿ. ಅವ್ನು ಕರ್ಚೀಪಿನಾಗ ಸುತ್ತಿ ಇಟ್ಕೊಂತಿದ್ದ. ಮಗಳಿಗೆ ಅಂತಿದ್ದ. ಬಸ್ಸಿನಾಗ ಅದರ ಮ್ಯಾಲ ಕೈ ಇಟ್ಕೊಂಡ ನಿದ್ದಿ ಮಾಡ್ತಿದ್ದ."

ದುರ್ಗಾ ಬರೆದಳು.

"ಬಾಯಿ ತೆರಕೊಂಡು ಗೊರಕಿ ಹೊಡೀತಿದ್ದ. ಗಾದಿಗನೂರು ಬಂತಂದ್ರ ಯಾರೂ ಎಬ್ಬಿಸಬೇಕಾಗಿದ್ದಿಲ್ಲ, ತಾನ ಎದ್ದು ಇಳೀತಿದ್ದ. ಹಾಡ್ತಿದ್ದ, ಭಾಳ ಕೆಟ್ಟದಾಗಿ. ಬುತ್ತಿ ಬಿಚ್ಚಿದ್ರ ಬದನಿಕಾಯಿ ಎಣ್ಣಿಗಾಯಿ ಎಲ್ಲಾ ನನ್ನ ಡಬ್ಬಿಗೆ ಹಾಕ್ತಿದ್ದ. ಬದನಿಕಾಯಿ ಅವನಿಗೆ ಸೇರ್ತಿದ್ದಿಲ್ಲ."

"ಏನಂದ್ರಿ?"

ಎಲ್ಲರೂ ತಿರುಗಿದೆವು. ಕರೆಮ್ಮನ ಬಾಯಿಯ ಸೆರಗು ಜಾರಿತ್ತು.

"ನಿಮಗ ಹಾಕ್ತಿದ್ನಾ? ಎಲ್ಲಾ ತಿಂದೆ, ಮಸ್ತ್ ಆಗಿತ್ತು, ನಾಳಿಗೂ ಮಾಡು ಅಂತಿದ್ನಲ್ರೀ! ಅವನ ಸಲುವಾಗಿ ವಾರಕ್ಕ ಎಷ್ಟು ಸಲ ಮಾಡಿದ್ನೋ ನಾನು!"

"ಹೌದು, ನಾನ ಹೇಳ್ತಿದ್ದೆ ಅವನಿಗೆ, ನಾಳಿಗೂ ಮಾಡ್ಸಿಕೊಂಡು ಬಾರಲೇ ಅಂತ" ಅಂದ ಓಬಳಪ್ಪ, ಸಿಕ್ಕಿಬಿದ್ದ ಹುಡುಗನ ಹಾಗೆ.

ಕರೆಮ್ಮ ನಕ್ಕಳು. ನಗುತ್ತ ನಗುತ್ತಲೇ ಅಳತೊಡಗಿದಳು, ಜೋರಾಗಿ, ಗಂಡನ ಎದುರಿಗೇ. ಓಬಳಪ್ಪ ಅಳಬೇಡ ಅನ್ನಲಿಲ್ಲ. ನೀರಿನ ಬಾಟಲಿಯನ್ನು ಅವಳ ಹತ್ತಿರಕ್ಕೆ ಸರಿಸಿ ತಾನೂ ಟವೆಲ್ಲಿನಿಂದ ಮುಖ ಒರೆಸಿಕೊಂಡ. ನಾನು ಕಿಟಕಿಯಾಚೆ ನೋಡುತ್ತ ನಿಂತೆ. ನನ್ನ ಕಣ್ಣೂ ಒದ್ದೆಯಾಗಿದ್ದವು.

ದುರ್ಗಾ ಮಾತ್ರ ಬರೆದದ್ದನ್ನು ಮೇಲಿಂದ ಕೆಳಗೆ ಓದಿಕೊಂಡಳು. ತಲೆಯೆತ್ತಿ ಕೇಳಿದಳು: "ನನ್ನ ಏನಂತ ಕರೀತಿದ್ದ?"

ಇದನ್ನು ಕೇಳೆಂದು ನಾನು ಹೇಳಿಕೊಟ್ಟಿರಲಿಲ್ಲ. ಓಬಳಪ್ಪ ತಲೆಯಾಡಿಸಿದ, "ಬಸ್ಸಿನಾಗ 'ನನ್ನ ಮಗಳು' ಅಂತಿದ್ದವ್ವಾ. ಮನ್ಯಾಗ ಏನಂತಿದ್ನೋ ನನಗ ಗೊತ್ತಿಲ್ಲ." ಕರೆಮ್ಮನ ಕಡೆ ನೋಡಿ ಮೇಲೆದ್ದ. "ನೀನು ಹೇಳು. ನಾನು ಹೊರಗಿರ್ತೀನಿ."

"ಕುಂದ್ರಿ" ಅಂದಳು ಕರೆಮ್ಮ. "ನೀವೂ ಕೇಳ್ರಿ."

ಅವನು ಕೂತ. ಅವಳು ಕಣ್ಣೊರೆಸಿಕೊಂಡು, ಮಗಳನ್ನಲ್ಲ, ತೆರೆದ ಬಾಗಿಲನ್ನು ನೋಡುತ್ತ ಹೇಳಿದಳು. "ಶಿಫ್ಟು ಮುಗಿಸಿ ಬಂದು, ಬಾಗಿಲದಾಗ ನಿಂತು, ಕೈ ಮುಗದು ಕೇಳ್ತಿದ್ದ." ಆಮೇಲೆ ಅವಳ ದನಿಯೇ ಬದಲಾಯಿತು, ಒಬ್ಬ ತಮಾಷೆಯ ಗಂಡಸಿನ ದನಿ: "ಏನ್ರೀ ಸಾವ್ಕಾರ್ತೀ, ಊಟ ಆತೇನ್ರೀ?"

"ಇನ್ನಾ ಇಲ್ಲಪ್ಪೋ, ನೀನೂ ಬಾ" ಅಂದಳು ದುರ್ಗಾ.

ಪಟ್ಟನೆ ಅಂದಳು, ಪುಟ್ಟ ಕೂಸಿನ ರಾಗದಲ್ಲಿ. ಅಂದ ಮೇಲೆ ತಾನೇ ಬೆಚ್ಚಿ ನಮ್ಮೆಲ್ಲರ ಮುಖ ನೋಡಿದಳು. ಕರೆಮ್ಮನ ಕೈ ಎದೆಗೆ ಹೋಗಿತ್ತು. "ಅದನ್ನ ನಾನು ಹೇಳಿಲ್ಲ" ಅಂದಳು ನನ್ನ ಕಡೆ ತಿರುಗಿ, "ದೇವರಾಣಿ ಹೇಳಿಲ್ಲ ಟೀಚರಮ್ಮಾ. ದಿನಾ ಹಂಗ ಅಂತಿದ್ಲು. ನಾನ ಮರ್ತಿದ್ದೆ."

ದುರ್ಗಾ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದಳು. ಒಳಗೆ ಯಾರ ಮುಖ ಬಂದಿತ್ತೋ, ನಾನು ಕೇಳಲಿಲ್ಲ.

ಓಬಳಪ್ಪ ಬಗ್ಗಿ, ನೆಲಕ್ಕೆ ಬಿದ್ದಿದ್ದ ಪೆನ್ಸಿಲ್ಲನ್ನು ಎತ್ತಿ ಅವಳ ಕೈಗೆ ಕೊಟ್ಟ.

"ಜಲ್ದಿ ಬರ್ಕೋಳವ್ವಾ" ಅಂದ. "ಮತ್ತ ಮರ್ತು ಹೋದೀತು."