ಮೇಲ್ಮನೆಯ ಹೊಗೆ

ಕದ್ದು ಸೇದುವವರು ಬಚ್ಚಲನ್ನೇ ಹುಡುಕುತ್ತಾರೆಂದು, ಬಾಡಿಗೆಗೆ ಕೊಟ್ಟ ಮೇಲ್ಮನೆಯ ಬಚ್ಚಲಿನಲ್ಲಿಯೇ ಹೊಗೆ ಪತ್ತೆಹಚ್ಚುವ ಸೆನ್ಸರ್ ಹಾಕಿಸಿದ್ದೆ. ದಿನವೂ ನಾಲ್ಕು ಗಂಟೆಗೆ ಅದು ನನ್ನ ಫೋನಿಗೆ ಸಿಗರೇಟಿನ ಸುದ್ದಿ ಕಳುಹಿಸುತ್ತಿತ್ತು.

ಅಲ್ಲಿದ್ದ ದರ್ಜಿಯನ್ನು ಕರೆಸಿದೆ. "ಬೆಂಕಿ ಇಲ್ದೆ ಹೊಗೆ ಆಡುತ್ತೇನಪ್ಪ?"

"ಬೆಂಕಿ ಇರ್ಬಹುದು ಅಕ್ಕ. ನಮ್ಮನೇಲಿಲ್ಲ," ಎಂದು ಆತ ತಲೆ ತಗ್ಗಿಸಿದ.

ಯಂತ್ರವನ್ನು ನಂಬಿ ಮನೆ ಬಿಡಿಸಿದೆ. ಹೊಲಿಗೆಯಂತ್ರ ಹೊತ್ತು ಆತ ಮೆಟ್ಟಿಲಿಳಿದ.

ಮರುದಿನ ನಾಲ್ಕಕ್ಕೆ, ಬೀಗ ಹಾಕಿದ ಆ ಖಾಲಿ ಮನೆಯಿಂದ ಮತ್ತೆ ಸುದ್ದಿ ಬಂತು. ಮೇಲಕ್ಕೆ ಓಡಿ ಬೀಗ ತೆಗೆದೆ. ಬಚ್ಚಲಿನ ಗಾಳಿಕಿಂಡಿಯಿಂದ ಹೊಗೆ ಒಳಬರುತ್ತಿತ್ತು, ಜೊತೆಗೊಂದು ಕೆಮ್ಮು. ಕೆಳಗಿರುವುದು ನಮ್ಮದೇ ಬಚ್ಚಲು. ಹೃದಯದ ಆಪರೇಷನ್ನಿನ ನಂತರ ಸಿಗರೇಟು ಮುಟ್ಟೆನೆಂದು ಆಣೆಯಿಟ್ಟ ನನ್ನ ಗಂಡನ ಕೆಮ್ಮು ಅದು.

ದರ್ಜಿ ಅದನ್ನು ದಿನವೂ ಕೇಳಿಸಿಕೊಂಡಿದ್ದ, ನನಗೆ ಹೇಳಿರಲಿಲ್ಲ. ಎಲ್ಲಿಗೆ ಹೋಗುತ್ತೀಯೆಂದು ನಾನೂ ಆತನನ್ನು ಕೇಳಿರಲಿಲ್ಲ.