ಕಿವಿಗೆ ಹಿಡಿದ ಕಾಯಿ

ಪಕ್ಕದ ಏಳನೇ ತರಗತಿಯ ಗಲಾಟೆಗೆ ನನ್ನ ಲೆಕ್ಕದ ಪಾಠ ಅರ್ಧಕ್ಕೆ ನಿಂತಿತು. ಶಶಿರೇಖಾ ಮೇಡಂ ನಾಟಕ ತರಬೇತಿಗೆ ಹೋಗಿ ಬಂದಾಗಿನಿಂದ ಪಾಠಕ್ಕೆ ಮೊದಲು ದಿನಾ ಒಂದು ಆಟ. ಇವತ್ತು ಬಿಡಬಾರದೆಂದು ಸೀದಾ ಒಳಗೆ ನುಗ್ಗಿದೆ.

ಮಕ್ಕಳು ಸುತ್ತ ನಿಂತು, ಇಲ್ಲದ ತೆಂಗಿನಕಾಯಿಯೊಂದನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು.

"ಏನ್ ಮೇಡಂ ಇದು, ಸಂತೆನಾ?" ಎನ್ನುವಷ್ಟರಲ್ಲಿ ಬಿಳಿಗೆರೆಯ ಗಂಗಲಕ್ಷ್ಮಿ ಅದನ್ನು ನನ್ನ ಕೈಗಿಟ್ಟಳು. "ತಗಳಿ ಸಾ, ಕೊಬ್ಬರಿ ಆಗೈತಾ ನೋಡಿ."

ಕೈ ನನ್ನ ಮಾತು ಕೇಳಲಿಲ್ಲ. ಕಾಯಿಯನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸಿದೆ.

"ಎಲ್ಲಿ ಆಗೈತೆ? ಒಳಗೆ ಇನ್ನೂ ನೀರೈತೆ ಕಣಮ್ಮ. ಇನ್ನಾರು ತಿಂಗಳು ಅಟ್ಟದ ಮೇಲಿರ್ಲಿ."

ಮಕ್ಕಳು ಹೋ ಎಂದವು. ಮೇಡಂ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ನಾಳೆಯಿಂದ ಈ ಮಂಗನಾಟ ಬಂದ್!" ಎಂದು ಗದರಿ ನನ್ನ ತರಗತಿಗೆ ಮರಳಿದೆ.

ಬೋರ್ಡಿನ ಮೇಲೆ ಲೆಕ್ಕ ಮುಂದುವರಿಸುತ್ತಿದ್ದಾಗ ಗಂಗಲಕ್ಷ್ಮಿ ಬಾಗಿಲಿಗೆ ಬಂದು ನಿಂತಳು.

"ಸಾ, ನಮ್ ಕಾಯಿ ನಿಮ್ ತಾವೇ ಉಳ್ಕಂಡೈತೆ. ಆಟ ನಿಂತೋಗೈತೆ."

ನೋಡಿದರೆ, ನನ್ನ ಎಡಗೈ ಅದನ್ನು ಇನ್ನೂ ಎದೆಗೆ ಅವುಚಿಕೊಂಡೇ ಇತ್ತು.

"ಹುಷಾರು ಕಣಮ್ಮ, ಬೀಳಿಸ್ಬುಟ್ಟೀಯ," ಎಂದು ಎರಡೂ ಕೈಯಲ್ಲಿ ಕೊಟ್ಟು ಕಳಿಸಿದೆ.