ಹೇಳದೆ ಹೊರಟವರು

ತೊಟ್ಟಿಯ ನೀರಿನಲ್ಲಿ ಮೂಲಂಗಿಯ ಮಣ್ಣು ಉಜ್ಜುತ್ತಿದ್ದವಳ ಕೈಯನ್ನು ನಾದಿನಿ ಬಂದು ಹಿಡಿದುಕೊಂಡಳು.

"ಏನ್ ಮಾಡ್ತಿದ್ದೀರಾ ಅತ್ತಿಗೆ? ಒಳಗೆ ಅಣ್ಣನ್ನ ಮಲಗಿಸಿದ್ದಾರೆ..."

"ಇವತ್ತು ಬುಟ್ಟಿ ದಿನ ಅಲ್ವೇನೇ. ನಿಮ್ಮಣ್ಣ ಕಿತ್ತಿಟ್ಟಿದ್ದಾರೆ. ಬಾಡಿಹೋಗುತ್ತೆ."

ನಿನ್ನೆ ಸಂಜೆ ಅಷ್ಟನ್ನೂ ಕಿತ್ತು, ಉಸ್ಸೆಂದು ಬದುವಿನ ಮೇಲೆ ಕೂತ ಗಂಡ ಮತ್ತೆ ಏಳಲಿಲ್ಲ.

ಪೇಟೆಯ ಒಂದಷ್ಟು ಮನೆಯವರು ಬಿತ್ತನೆಗೆ ಮೊದಲೇ ಅವನಿಗೆ ಮಾತು ಕೊಡುತ್ತಿದ್ದರು: ಬೀಜ ಗೊಬ್ಬರಕ್ಕೆ ನಾವಿದ್ದೇವೆ, ಬೆಳೆದದ್ದರಲ್ಲಿ ವಾರಕ್ಕೊಂದು ಬುಟ್ಟಿ ನಮಗೆ. ಆ ಮಾತಿನ ಮೇಲೇ ಈ ತುಂಡು ಹೊಲ ನಿಂತಿತ್ತು. ಹೊಸ ಬಿತ್ತನೆ ಎದುರಿಗಿತ್ತು. ಮಾತು ಕೊಟ್ಟದ್ದು ಅವನಿಗೆ; ಅವನೇ ಇಲ್ಲ. ಅವಳಲ್ಲಿ ಅಳು ಇನ್ನೂ ಹುಟ್ಟಿರಲಿಲ್ಲ, ಭಯವೇ ಮೊದಲು ಬಂದು ಎದೆಯ ಮೇಲೆ ಕೂತಿತ್ತು.

* * *

ಆಲಿಕಲ್ಲು ಬಿದ್ದ ವರ್ಷ ಮಣ್ಣೊಳಗಿನ ಗೆಣಸೊಂದೇ ಉಳಿದಿತ್ತು. ಬುಟ್ಟಿಗಳ ಮುಂದೆ ಅವನು ತಲೆತಗ್ಗಿಸಿ ನಿಂತಿದ್ದ.

"ಒಳ್ಳೆ ನಪಾಸಾದ ಹುಡುಗನ ಥರ ನಿಂತಿದ್ದೀರಲ್ಲ!" ಎಂದಿದ್ದಳು ಬುಟ್ಟಿ ಒಯ್ಯಲು ಬಂದ ಟೈಲರಮ್ಮ. "ಚೆನ್ನಾಗಿ ಬೆಳೆದಾಗ ತಿಂದಿಲ್ವಾ? ಈಗ ಗೆಣಸಾದ್ರೆ ಗೆಣಸು."

"ನಿಮಗೇನಮ್ಮ," ಮೇಷ್ಟ್ರು ಬುಟ್ಟಿ ಎತ್ತಿಕೊಂಡಿದ್ದರು. "ವಾರವಿಡೀ ಗೆಣಸು ತಿಂದು ಹೋದ್ರೆ ಕ್ಲಾಸಲ್ಲಿ ಮಕ್ಕಳು ಕಿಟಕಿ ತೆಗೀತಾರೆ! ಸರಿ, ಹೋಗಿ ಬರ್ತೀವಿ."

ಅವನು ಅತ್ತುಕೊಂಡೇ ನಕ್ಕಿದ್ದ.

* * *

ಮಣ್ಣು ಮಾಡಿ ಬಂದವರು ಅಂಗಳದಲ್ಲಿ ಕೂತರು.

"ಕೈಗುಣ ಅಂದ್ರೆ ಅವರದು," ಎಂದಳು ಟೈಲರಮ್ಮ.

"ಹ್ಞೂಂ. ಅಂಥ ಕೈ ಇನ್ನೆಲ್ಲಿ ಸಿಗುತ್ತೆ," ಎಂದರು ಮೇಷ್ಟ್ರು.

ಹೊಗಳಿಕೆ ಕೇಳಿದಷ್ಟೂ ಅವಳ ಭಯ ಬೆಳೆಯಿತು. ಕಳೆ ಕಿತ್ತದ್ದು, ನೀರು ಹಾಯಿಸಿದ್ದು ಈ ಕೈಯೂ ಅಲ್ಲವೇ? ಆದರೆ ಈಗ ಕೇಳಿದರೆ, 'ಗಂಡನ ಮಣ್ಣು ಆರುವ ಮೊದಲೇ ತರಕಾರಿಯ ಮಾತೇ?' ಅಂದಾರು.

ಒಬ್ಬೊಬ್ಬರೇ ಎದ್ದರು. ಸಾವಿನ ಮನೆಯಿಂದ 'ಹೋಗಿ ಬರ್ತೀವಿ' ಎಂದು ಹೇಳಿ ಹೊರಡಬಾರದು; ಅದು ಅವಳಿಗೂ ಗೊತ್ತು. ಆದರೂ ಹೇಳದೆ ಇಳಿದ ಒಂದೊಂದು ಬೆನ್ನೂ ಹೊಲದ ಒಂದೊಂದು ಸಾಲನ್ನು ಹೊತ್ತುಕೊಂಡು ಹೋದಂತಿತ್ತು.

ಅವಳ ಪುಟ್ಟ ಮಗಳು ಬಾಗಿಲ ಮರೆಯಿಂದ ಓಡಿಹೋಗಿ ಮೇಷ್ಟ್ರ ಅಂಗಿಯ ತುದಿ ಹಿಡಿದಳು.

"ಬಿಡೇ!" ನಾದಿನಿ ಗದರಿದಳು. ಮಗು ಬಿಡಲಿಲ್ಲ.

"ಪ್ರತಿ ಸಲ ಹೋಗಿ ಬರ್ತೀವಿ ಅಂತಿದ್ರಿ. ಇವತ್ತು ಯಾರೂ ಅನ್ಲಿಲ್ಲ... ಅಮ್ಮ ತರಕಾರಿ ಬೆಳೆದ್ರೆ ನೀವು ಬರಲ್ವಾ ಮೇಷ್ಟ್ರೇ?"